ಅಕೇಡಿಯಾದಲ್ಲಿ ಒಂದೇ ಬೆಳಗು ಕೈಯಲ್ಲಿದ್ದರೆ: ಕ್ಯಾಡಿಲಾಕ್, ಥಂಡರ್ ಹೋಲ್, ಸ್ಕೂಡಿಕ್

ಅಮೆರಿಕದ ಮೇನ್ ರಾಜ್ಯದ ಕಡಲಂಚಿನಲ್ಲಿರುವ ಅಕೇಡಿಯಾ ರಾಷ್ಟ್ರೀಯ ಉದ್ಯಾನಕ್ಕೆ ಬಾಸ್ಟನ್ನಿನಿಂದ ಎರಡು ಸಲ ಹೋಗಿಬಂದಿದ್ದೇವೆ. ಎರಡನೆಯ ಸಲ, ಜುಲೈ ತಿಂಗಳಲ್ಲಿ, ಹೊನ್ನಾವರದಿಂದ ಬಂದಿದ್ದ ಆಯಿಯೂ ಜೊತೆಗಿದ್ದಳು. ಅಲ್ಲಿ ನನ್ನ ಮನಸ್ಸು ಕಡಲಿಗೆ ಚಾಚಿದ ಸ್ಕೂಡಿಕ್ ಎಂಬ ಬಂಡೆಯ ತುದಿಯ ಕಡೆಗೇ ವಾಲುತ್ತದೆಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅಷ್ಟಾದರೂ ಆ ಸಲದ ಮೊದಲ ಬೆಳಗನ್ನು ಕ್ಯಾಡಿಲಾಕ್ ಶಿಖರಕ್ಕೆ ಕೊಟ್ಟು ಕಳೆದುಕೊಂಡೆ.

466 ಮೀಟರ್ ಎತ್ತರದ ಕ್ಯಾಡಿಲಾಕಿನ ನೆತ್ತಿಯವರೆಗೂ ಕಾರು ಹೋಗುವುದರಿಂದ, ಮೊಣಕಾಲು ನೋವಿರುವ ಆಯಿಗೆ ಅದೇ ಅನುಕೂಲವೆಂದು ಎಣಿಸಿದ್ದೆ. ತೊಡಕಿರುವುದು ಟಿಕೆಟಿನಲ್ಲಿ. ಮೇ ಕೊನೆಯ ಭಾಗದಿಂದ ಅಕ್ಟೋಬರ್ ಕೊನೆಯವರೆಗೆ ಆ ರಸ್ತೆಗೆ ಉದ್ಯಾನದ ಪ್ರವೇಶ ಶುಲ್ಕವಲ್ಲದೆ ಕಾರೊಂದಕ್ಕೆ 6 ಡಾಲರಿನ ಪ್ರತ್ಯೇಕ ಟಿಕೆಟನ್ನು ಆನ್‌ಲೈನಿನಲ್ಲಿ ಮುಂಗಡವಾಗಿ ಪಡೆಯಬೇಕು. ಶೇಕಡಾ 30ರಷ್ಟು ಟಿಕೆಟುಗಳು 90 ದಿನ ಮೊದಲೇ ಸಿಗುತ್ತವೆ. ಮಿಕ್ಕವು ಎರಡು ದಿನ ಮೊದಲು, ಬೆಳಗ್ಗೆ ಸರಿಯಾಗಿ 10 ಗಂಟೆಗೆ. ಊರಿನಲ್ಲಿ ತತ್ಕಾಲ್ ಟಿಕೆಟಿಗೆ ಕಾದು ಕೂತು ಅಭ್ಯಾಸವಿದ್ದುದರಿಂದ ಸೂರ್ಯೋದಯದ ಹೊತ್ತಿನದೇ ಒಂದು ಸಿಕ್ಕಿತು.

ಆದರೆ ದಿನವೂ ಹೊತ್ತೂ ನಿಗದಿಯಾದ ಈ ಟಿಕೆಟಿಗೆ ಹವಾಮಾನದ ಪರಿವೆಯಿಲ್ಲ. ತಣ್ಣನೆಯ ಈ ಕಡಲ ಮೇಲೆ ಬೇಸಿಗೆಯ ಬೆಚ್ಚಗಿನ ಗಾಳಿ ಹಾಯ್ದಾಗ ಮಂಜು ಕವಿಯುವುದು ಸಾಮಾನ್ಯ. ಮೂರು ಗಂಟೆಗೆ ಎದ್ದು, ಆಯಿಗೆ ಎರಡು ಸ್ವೆಟರ್ ತೊಡಿಸಿ ಮೇಲೇರಿದಾಗ ನಮ್ಮ ಕಾರಿನ ಮೂತಿಯೇ ಸರಿಯಾಗಿ ಕಾಣುತ್ತಿರಲಿಲ್ಲ. ಅಮೆರಿಕದ ಮೊದಲ ಸೂರ್ಯಕಿರಣ ಬೀಳುವುದು ಇಲ್ಲೇ ಎಂಬ ಮಾತು ಕೂಡ ಅಕ್ಟೋಬರ್ 7ರಿಂದ ಮಾರ್ಚ್ 6ರವರೆಗೆ ಮಾತ್ರ ಸಲ್ಲುತ್ತದೆಂಬುದು ಆಮೇಲೆ ತಿಳಿಯಿತು; ಡಿಸೆಂಬರಿನಿಂದ ರಸ್ತೆಯನ್ನೇ ಮುಚ್ಚುವುದರಿಂದ, ಕಾರಿನಲ್ಲಿ ಹೋಗಿ ಆ ಕಿರಣವನ್ನು ಕಾಣಲು ಉಳಿಯುವುದು ಎರಡು ತಿಂಗಳಿಗೂ ಕಡಿಮೆ.

ಥಂಡರ್ ಹೋಲಿಗೆ ಪ್ರತ್ಯೇಕ ಟಿಕೆಟ್ ಬೇಡ, ಉಬ್ಬರದ ವೇಳಾಪಟ್ಟಿ ಬೇಕು. ಬಂಡೆಯ ಇಕ್ಕಟ್ಟಾದ ಸೀಳಿನೊಳಗೆ ನುಗ್ಗಿದ ಅಲೆಯು ಕೊನೆಯ ಪೊಟರೆಯಲ್ಲಿದ್ದ ಗಾಳಿಯನ್ನು ಒತ್ತಿ ಹೊರಚಿಮ್ಮಿಸುವಾಗ ಗುಡುಗಿನಂಥ ಸದ್ದಾಗುತ್ತದೆ, ಅದೂ ಪೂರ್ಣ ಉಬ್ಬರಕ್ಕೆ ಒಂದೆರಡು ಗಂಟೆ ಮುಂಚೆ, ಕಡಲಿಗೆ ಒಂದಿಷ್ಟು ರಭಸವಿದ್ದರೆ. ಮೊದಲ ಸಲ ಇಳಿತದ ಹೊತ್ತಿಗೆ ಹೋಗಿ ಬಚ್ಚಲ ತೂಬಿನ ಗುಳುಗುಳು ಸದ್ದನ್ನಷ್ಟೇ ಕೇಳಿದ್ದೆ. ಅಲ್ಲಿಯ ರಸ್ತೆ ಏಕಮುಖವಾದ್ದರಿಂದ ಮರಳಿ ಬರಲು ದೊಡ್ಡ ಸುತ್ತು ಹಾಕಬೇಕಾಯಿತು. ಈ ಸಲ ಆಯಿ ಹೊರಡುವ ಮೊದಲೇ "ಭರತ ಎಷ್ಟೊತ್ತಿಗೆ?" ಎಂದು ಕೇಳಿದ್ದರಿಂದ ಗುಡುಗು ಕೇಳಿಸಿತು, ಅಂಗಿಯೂ ನೆನೆಯಿತು. ಹತ್ತಿರದ ಸ್ಯಾಂಡ್ ಬೀಚಿನ ನೀರು ಜುಲೈಯಲ್ಲೂ ಪಾದ ಮರಗಟ್ಟಿಸುವಷ್ಟು ತಂಪು.

ಸ್ಕೂಡಿಕ್ ಈ ಉದ್ಯಾನದ ಭಾಗಗಳಲ್ಲಿ ಮುಖ್ಯಭೂಮಿಗೆ ಅಂಟಿಕೊಂಡಿರುವ ಒಂದೇ ಭಾಗ. ಉದ್ಯಾನದ ಪಕ್ಕದ ಊರಾದ ಬಾರ್ ಹಾರ್ಬರಿನಿಂದ ಕಾರಿನಲ್ಲಿ ಒಂದು ಗಂಟೆಯ ದಾರಿಯಾದ್ದರಿಂದ ಜನ ಕಡಿಮೆ. ನಸುಗೆಂಪು ಗ್ರಾನೈಟಿನ ಬಿರುಕುಗಳಲ್ಲಿ ಶಿಲಾರಸ ನುಗ್ಗಿ ಗಟ್ಟಿಯಾದ ಕಪ್ಪು ಪಟ್ಟೆಗಳು ನೇರ ಕಡಲಿಗೆ ಇಳಿದಿವೆ. ಕಾರು ನಿಲ್ಲಿಸುವ ಜಾಗದಿಂದಲೇ ಬಂಡೆ ಶುರುವಾಗುವುದರಿಂದ ಆಯಿ ಅಲೆಗಳಿಂದ ಸಾಕಷ್ಟು ದೂರದ ಸಮತಟ್ಟಾದ ಕಲ್ಲಿನ ಮೇಲೆ ಕುಳಿತು, ಫ್ಲಾಸ್ಕಿನ ಕಾಫಿ ಮುಗಿಯುವವರೆಗೂ ಏಳಲಿಲ್ಲ. ತುದಿಯಲ್ಲಿ ತಿನ್ನಲು ಏನೂ ಸಿಗುವುದಿಲ್ಲ, ಬುತ್ತಿ ಕಟ್ಟಿಕೊಂಡು ಹೋಗಬೇಕು.

ಬೇಗ ಏಳುವವರು, ಅಕ್ಟೋಬರಿನಲ್ಲಿ ಹೋಗುವವರು, ಮಂಜು ಕವಿದರೆ ಮತ್ತೊಂದು ದಿನದ ಟಿಕೆಟಿಗೆ ಪ್ರಯತ್ನಿಸುವಷ್ಟು ರಜೆ ಉಳ್ಳವರು ಕ್ಯಾಡಿಲಾಕ್ ಆರಿಸಿಕೊಳ್ಳಲಿ. ಏಳು ಗಂಟೆಗೆ ಏಳುವ, ಎರಡೇ ದಿನ ರಜೆ ಸಿಗುವ ನಾನು ಮುಂದಿನ ಸಲ ನೇರವಾಗಿ ಸ್ಕೂಡಿಕ್‌ಗೆ ಹೋಗುತ್ತೇನೆ. ಆಗ ಜೊತೆಗೆ ಬರುವ ತಮ್ಮನ ಸಂಸಾರಕ್ಕೆ ಸೂರ್ಯೋದಯವೇ ಬೇಕೆಂದಾದರೆ 10 ಗಂಟೆಗೆ ಮೊಬೈಲ್ ಹಿಡಿದು ಕೂರುವ ಕೆಲಸ ಅವನದು.