ಪುಣೆಯ ಓಣಿ ಗಿರಣಿ: ಜೋಳ, ಸಜ್ಜೆಗೆ ಪೂರ್ಣ ಅಂಕ, ಗೋಧಿಗೆ ಷರತ್ತು

ಕೋಥ್ರೂಡ್ ಇರಲಿ, ಹಡಪ್ಸರ್ ಇರಲಿ, ಹಳೆಯ ಪೇಠೆಗಳಿರಲಿ, ಪುಣೆಯಲ್ಲಿ ಹಿಟ್ಟಿನ ಗಿರಣಿ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಡಬ್ಬಿಯಲ್ಲಿ ಕಾಳು ಕೊಟ್ಟರೆ ಸಂಜೆಯೊಳಗೆ ಹಿಟ್ಟು ಕೈಗೆ ಬರುತ್ತದೆ, ಕೂಲಿ ಕಿಲೋ ಲೆಕ್ಕ. ವಿಜಯಪುರ, ಕಲಬುರಗಿ, ಬಾಗಲಕೋಟೆ ಕಡೆಯಿಂದ ಬಂದು ಇಲ್ಲಿ ನೆಲೆಸಿದ, ದಿನಕ್ಕೊಂದು ಹೊತ್ತಾದರೂ ರೊಟ್ಟಿ ಬೇಕೆನ್ನುವ ಮನೆಗಳಿಗೆ ಇದಕ್ಕಿಂತ ಒಳ್ಳೆಯ ಸೇವೆ ಈ ಊರಲ್ಲಿಲ್ಲ. ಆದರೆ ಕೊಡುವ ಕಾಳು ಹೇಗಿರಬೇಕು, ಗಿರಣಿಯಲ್ಲಿ ಏನು ಕೇಳಬೇಕು ಎಂಬುದು ಗೊತ್ತಿರಬೇಕು.

ಮೊದಲು ಇದರ ಪ್ರತಿಸ್ಪರ್ಧಿಯ ಮಾತು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿದ ಮೇಲೆ ಅಂಗಡಿಯ ಕಪಾಟುಗಳಲ್ಲಿ ‘ಮಲ್ಟಿಗ್ರೇನ್’ ಪ್ಯಾಕೆಟ್‌ಗಳು ತುಂಬಿಕೊಂಡಿವೆ. ಕೊಳ್ಳುವ ಮುನ್ನ ಹಿಂಬದಿಯ ಪಟ್ಟಿ ಓದಿ. ಯಾವುದು ಹೆಚ್ಚು ತೂಕವಿದೆಯೋ ಅದನ್ನೇ ಮೊದಲು ಬರೆಯಬೇಕೆಂಬುದು ನಿಯಮ. ಬಹುತೇಕ ಪ್ಯಾಕೆಟ್‌ಗಳಲ್ಲಿ ಮೊದಲ ಹೆಸರು ಗೋಧಿಯದು, ರಾಗಿ, ಜೋಳ, ಓಟ್ಸ್ ಎಲ್ಲ ಸೇರಿಯೂ ಪಾಲು ಸಣ್ಣದು. ಇದೇ ಮಿಶ್ರಣವನ್ನು ಗಿರಣಿಯಲ್ಲಿ ನೀವೇ ಮಾಡಿಸಬಹುದು: ಗೋಧಿ 4 ಕಿಲೋ, ಜೋಳ ಅರ್ಧ ಕಿಲೋ, ರಾಗಿ ಕಾಲು ಕಿಲೋ, ಕಡಲೆ ಕಾಲು ಕಿಲೋ. ಇತರ ಕಾಳುಗಳ ಪಾಲು ಐದರಲ್ಲಿ ಒಂದಾಯಿತು. ಚಪಾತಿ ಮೆತ್ತಗಿರಬೇಕೆಂದರೆ ಇದನ್ನು ಹೆಚ್ಚು ಮೀರಬೇಡಿ. ಗೋಧಿಯ ಗ್ಲುಟೆನ್ (ಹಿಟ್ಟನ್ನು ಹಿಡಿದಿಡುವ ಅಂಟು ಪ್ರೋಟೀನ್) ಕಡಿಮೆಯಾದಷ್ಟೂ ಲಟ್ಟಿಸುವಾಗ ಅಂಚು ಒಡೆಯುತ್ತದೆ. ಕಲಸಿದ ಹಿಟ್ಟನ್ನು ಅರ್ಧ ಗಂಟೆ ಮುಚ್ಚಿಡಿ. ತವುಡು ನೀರು ಹೀರಲು ಅಷ್ಟು ಹೊತ್ತು ಬೇಕು.

ಜೋಳ, ಸಜ್ಜೆಗಳಲ್ಲಿ ಮಾತ್ರ ಪ್ಯಾಕೆಟ್‌ಗೂ ಗಿರಣಿಗೂ ಹೋಲಿಕೆಯೇ ಇಲ್ಲ. ಜೋಳದಲ್ಲಿ ಗ್ಲುಟೆನ್ ಇಲ್ಲ, ರೊಟ್ಟಿ ಹಿಡಿದು ನಿಲ್ಲುವುದು ಕುದಿನೀರು ತಾಗಿ ಅಂಟಾಗುವ ಪಿಷ್ಟದಿಂದ. ಹಿಟ್ಟು ಹಳತಾದರೆ ಆ ಜಿಗಿ ಹೋಗುತ್ತದೆ. ಎಷ್ಟು ನಾದಿದರೂ ಬಡಿಯುವಾಗ ಸೀಳುತ್ತದೆ, ಹಂಚಿನ ಮೇಲೆ ಉಬ್ಬುವುದಿಲ್ಲ. ಎಷ್ಟೋ ಹೆಣ್ಣುಮಕ್ಕಳು ತಮಗೆ ರೊಟ್ಟಿ ಬರುವುದಿಲ್ಲವೆಂದು ಕೈಬಿಟ್ಟಿದ್ದಾರೆ, ತಪ್ಪು ಕೈಯದಲ್ಲ, ತಿಂಗಳುಗಟ್ಟಲೆ ಪ್ಯಾಕೆಟ್‌ನಲ್ಲಿ ಕೂತ ಹಿಟ್ಟಿನದು. ಸಜ್ಜೆಯದು ಇನ್ನೊಂದು ತೊಂದರೆ. 100 ಗ್ರಾಂ ಸಜ್ಜೆಯಲ್ಲಿ 5 ಗ್ರಾಂಗಿಂತ ಹೆಚ್ಚು ಕೊಬ್ಬಿದೆ, ಜೋಳದಲ್ಲಿ 2 ಗ್ರಾಂ ಕೂಡ ಇಲ್ಲ. ಬೀಸಿದ ಕೂಡಲೇ ಆ ಕೊಬ್ಬು ಗಾಳಿಗೂ ಕಾಳಿನದೇ ಕಿಣ್ವಕ್ಕೂ ಸಿಕ್ಕಿ ಕೆಡತೊಡಗುತ್ತದೆ, ಹಿಟ್ಟು ಕಹಿಯಾಗುತ್ತದೆ. ಹಾಗಾಗಿ ಸಜ್ಜೆಯನ್ನು ಒಂದು ವಾರಕ್ಕಾಗುವಷ್ಟೇ ಬೀಸಿಸಿ, ಮಳೆಗಾಲದಲ್ಲಿ ಫ್ರಿಜ್‌ನಲ್ಲಿಡಿ. ಜೋಳ ಹತ್ತು ಹದಿನೈದು ದಿನಕ್ಕೆ ಸಾಕು. ಒಂದು ರೊಟ್ಟಿಗೆ ಸುಮಾರು 60 ಗ್ರಾಂ ಹಿಟ್ಟು. ನಾಲ್ಕು ಜನ, ತಲೆಗೆರಡು, ದಿನಕ್ಕೊಂದು ಹೊತ್ತು ಎಂದರೆ ಹತ್ತು ದಿನಕ್ಕೆ 5 ಕಿಲೋ.

ಕಾಳು ಗುಲ್ಟೇಕಡಿಯ ಮಾರ್ಕೆಟ್ ಯಾರ್ಡ್‌ನ ಭುಸಾರ್ (ದವಸಧಾನ್ಯದ) ಅಂಗಡಿಗಳಲ್ಲಿ ಆರಿಸಿ ತರಬಹುದು. ರೊಟ್ಟಿಗೆ ಮಾಲದಂಡಿ ಜೋಳ ಕೇಳಿ. ಸೊಲ್ಲಾಪುರ, ವಿಜಯಪುರ ಸೀಮೆಯ ಹಿಂಗಾರಿ ಜೋಳವಿದು, ರೊಟ್ಟಿ ಬೆಳ್ಳಗೆ, ಮೆತ್ತಗೆ ಬರುತ್ತದೆ. ರಾಗಿ ಬೇಕಿದ್ದರೆ ನಾಚಣಿ ಎನ್ನಿ. ಕ್ಯಾಲ್ಸಿಯಂ ವಿಷಯದಲ್ಲಿ ರಾಗಿಗೆ ಸಮನಾದ ಧಾನ್ಯವಿಲ್ಲ: 100 ಗ್ರಾಂಗೆ ಸುಮಾರು 364 ಮಿಲಿಗ್ರಾಂ, ಜೋಳದಲ್ಲಿ 28ರ ಆಸುಪಾಸು. ಕಬ್ಬಿಣದಲ್ಲಿ ಸಜ್ಜೆ ಮುಂದು, 6.4 ಮಿಲಿಗ್ರಾಂ. ನಾರಿನಂಶದಲ್ಲಿ ಮಾತ್ರ ಜೋಳ, ಸಜ್ಜೆ, ರಾಗಿ, ತವುಡು ತೆಗೆಯದ ಗೋಧಿಹಿಟ್ಟು ಎಲ್ಲವೂ 10ರಿಂದ 11 ಗ್ರಾಂ ಸುತ್ತಲೇ. ಆದ್ದರಿಂದ ಗೋಧಿಯನ್ನು ಮನೆಯಿಂದ ಹೊರಹಾಕುವ ಅಗತ್ಯವೇನೂ ಇಲ್ಲ, ತೆಗೆಯಬೇಕಾದದ್ದು ಮೈದಾ. ಸಕ್ಕರೆ ಕಾಯಿಲೆಯವರು ಇನ್ನೊಂದು ಮಾತು ನೆನಪಿಡಬೇಕು: ಜೋಳದಲ್ಲೂ 100 ಗ್ರಾಂಗೆ 67 ಗ್ರಾಂ ಕಾರ್ಬೊಹೈಡ್ರೇಟ್ ಇದೆ. ಜೋಳದ ರೊಟ್ಟಿಯಾದರೂ ಎಣಿಸಿಯೇ ತಿನ್ನಬೇಕು, ಜತೆಗೆ ಪಲ್ಯ, ಬೇಳೆ ಇರಬೇಕು.

ಮಕ್ಕಳ ಅಂಬಲಿಗೆ ರಾಗಿ ಮೊಳಕೆ ಕಟ್ಟಿಸಿ ಬೀಸಿಸುವುದು ಒಳ್ಳೆಯದು. ಖನಿಜಗಳನ್ನು ಮೈಗೆ ಹತ್ತಗೊಡದೆ ಹಿಡಿದಿಡುವ ಫೈಟೇಟ್ ಎಂಬ ಅಂಶ ಮೊಳೆತಾಗ ಇಳಿಯುತ್ತದೆ, ಕಬ್ಬಿಣ, ಕ್ಯಾಲ್ಸಿಯಂ ಮೈಗೆ ಹತ್ತಲು ಅನುಕೂಲ. ರಾತ್ರಿ ನೆನೆಹಾಕಿ, ಬೆಳಗ್ಗೆ ಬಸಿದು ಬಟ್ಟೆಯಲ್ಲಿ ಕಟ್ಟಿ. ಒಂದೆರಡು ದಿನದಲ್ಲಿ ಸಣ್ಣ ಮೊಳಕೆ ಬಂದ ಮೇಲೆ ಗರಿಗರಿಯಾಗಿ ಒಣಗಿಸಿ, ಸಣ್ಣ ಉರಿಯಲ್ಲಿ ಹುರಿದು ಕೊಡಿ. ಹಸಿ ಉಳಿದರೆ ಎರಡು ಕೇಡು. ಹಿಟ್ಟು ಕಲ್ಲಿಗೆ ಮೆತ್ತಿಕೊಳ್ಳುತ್ತದೆ, ಮನೆಗೆ ತಂದದ್ದು ಬೇಗ ಮುಗ್ಗುತ್ತದೆ. ತೊಳೆದ ಗೋಧಿಗೂ ಇದೇ ಮಾತು. ಕಾಳನ್ನು ಹಲ್ಲಿನಲ್ಲಿ ಕಡಿದರೆ ಕಟ್ಟೆಂದು ಒಡೆಯಬೇಕು, ಚಪ್ಪಟೆಯಾದರೆ ಇನ್ನೊಂದು ಬಿಸಿಲು ಬೇಕು.

ಇನ್ನು ಗಿರಣಿಯ ಕೊರತೆಗಳು. ಕಲ್ಲಿನಲ್ಲಿ ಹಿಂದಿನವರ ಹಿಟ್ಟು ಒಂದಿಷ್ಟು ಉಳಿದೇ ಉಳಿಯುತ್ತದೆ. ಗೋಧಿಗೆ ಬೇರೆ, ಜೋಳ-ಸಜ್ಜೆಗೆ ಬೇರೆ ಕಲ್ಲು ಇರುವ ಕಡೆಗೇ ಹೋಗಿ, ಖಾರ ಕುಟ್ಟುವ ಯಂತ್ರವಂತೂ ಪ್ರತ್ಯೇಕವಿರಲೇಬೇಕು. ನಿಮಗಿಂತ ಮೊದಲು ಏನು ಬೀಸಿದರು ಎಂದು ಕೇಳಿ. ಜೋಳ ಕೊಟ್ಟವರು ಕಡಲೆಬೇಳೆಯ ಸರದಿಯ ಹಿಂದೆ ನಿಲ್ಲಬಾರದು. ಕಲ್ಲಿಗೆ ಹೊಸದಾಗಿ ಉಳಿ ಹೊಡೆಸಿದ ದಿನ ಹಿಟ್ಟಿನಲ್ಲಿ ಮರಳು ಬರುತ್ತದೆ, ಒಂದು ಚಿಟಿಕೆ ಹಲ್ಲಿನ ನಡುವೆ ಇಟ್ಟು ನೋಡಿದರೆ ತಿಳಿಯುತ್ತದೆ. ಕಲ್ಲು ಸವೆದಿದ್ದರೂ, ಬಿಗಿ ಹೆಚ್ಚಾದರೂ ಹಿಟ್ಟು ಸುಡುವಷ್ಟು ಬಿಸಿಯಾಗಿ ಸುಟ್ಟ ವಾಸನೆ ಬರುತ್ತದೆ. ಅಂಥ ಗಿರಣಿ ಬದಲಿಸಿ. ರೊಟ್ಟಿಗೆ ‘ಬಾರೀಕ್’ (ನುಣ್ಣಗೆ) ಎಂದು ಹೇಳಿ, ಥಾಲಿಪೀಠದ ಭಾಜಣಿಗೆ (ಹುರಿದ ಕಾಳುಗಳ ಮಿಶ್ರ ಹಿಟ್ಟಿಗೆ) ತುಸು ತರಿ ಇದ್ದರೆ ಚೆನ್ನ. ಕೊಡುವಾಗ, ಪಡೆಯುವಾಗ ಎರಡೂ ಸಲ ತೂಗಿಸಿ. ತುಸು ಇಳಿಯುವುದು ಸಹಜ.

ಹಿಟ್ಟು ಮನೆಗೆ ಬಂದ ಕೂಡಲೇ ಡಬ್ಬಿಯ ಮುಚ್ಚಳ ತೆಗೆದು ಬಟ್ಟೆಯ ಮೇಲೆ ಹರವಿ. ಬಿಸಿ ಹಿಟ್ಟನ್ನು ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿಟ್ಟರೆ ಒಳಗೆ ಬೆವರು ಕಟ್ಟಿ ಗಂಟಾಗುತ್ತದೆ, ಹುಳುವೂ ಬೇಗ ಬೀಳುತ್ತದೆ. ಗೋಧಿ ಹಿಟ್ಟನ್ನು ಸಾಣಿಸಿದರೂ ತವುಡು ಬಿಸಾಡಬೇಡಿ, ನಾರು ಹೆಚ್ಚಾಗಿ ಅದರಲ್ಲೇ ಇದೆ.

ಮನೆಯಲ್ಲೇ ಇಡುವ ಘರಘಂಟಿ (ಸಣ್ಣ ವಿದ್ಯುತ್ ಗಿರಣಿ) ಕೊಳ್ಳಬೇಕೇ? ಬಹುತೇಕ ಘರಘಂಟಿಗಳಲ್ಲಿ ಕಲ್ಲಿಲ್ಲ, ಉಕ್ಕಿನ ಅಲಗು, ಜಾಲರಿ ಇರುತ್ತವೆ. ಸದ್ದು ಜೋರು, ಜಾಲರಿ ತೊಳೆದು ಒಣಗಿಸುವ ಕೆಲಸ ಬೇರೆ. ನಾಲ್ಕು ಜನರ ಮನೆಗೆ ಓಣಿಯ ಗಿರಣಿಯೇ ಸಾಕು. ಸೀಲಿಯಾಕ್ ಕಾಯಿಲೆ (ಗ್ಲುಟೆನ್ ತಿಂದರೆ ಕರುಳಿಗೆ ಹಾನಿ) ಇದ್ದವರ ಮನೆಗೆ ಮಾತ್ರ ಘರಘಂಟಿ ಬೇಕೇ ಬೇಕು, ಅದರಲ್ಲಿ ಗೋಧಿ ಹಾಕಲೇಬಾರದು. ಅವರ ಜೋಳವನ್ನು ಊರಿನ ಯಾವ ಗಿರಣಿಗೂ ಕಳಿಸಬೇಡಿ: ಕಲ್ಲು ಬೇರೆ ಇದ್ದರೂ ಗೋಧಿಯ ದೂಳು ಅಲ್ಲಿನ ಗಾಳಿಯಲ್ಲಿರುತ್ತದೆ.