ರಿವೆಟ್ ಬಿಟ್ಟು ಅಂಟು ಹಿಡಿದ ಮೇಲೆ: ಸಿಕಾಫ್ಲೆಕ್ಸ್-252 ಬಳಸಿದ ಅನುಭವ

ಮೈಸೂರಿನ ಮೇಟಗಳ್ಳಿ ಕಡೆ ನಮ್ಮದೊಂದು ಬಾಡಿ ಕಟ್ಟುವ ಶೆಡ್ಡು ಇದೆ. ಚಾಸಿಯ (ಎಂಜಿನ್, ಚಕ್ರಗಳಿರುವ ಗಾಡಿಯ ತಳಭಾಗದ) ಮೇಲೆ ಉಕ್ಕಿನ ಟ್ಯೂಬುಗಳ ಚೌಕಟ್ಟು ನಿಲ್ಲಿಸಿ, ಅದಕ್ಕೆ ಅಲ್ಯೂಮಿನಿಯಂ ಶೀಟು ಹೊದಿಸಿ, ಹಾಲಿನ ಗಾಡಿ, ತರಕಾರಿ ಗಾಡಿ, ಮೊಬೈಲ್ ಕ್ಯಾಂಟೀನುಗಳನ್ನು ಸಿದ್ಧಪಡಿಸಿ ಕೊಡುತ್ತೇವೆ. ಮೊದಲೆಲ್ಲ ಶೀಟು ಕೂಡಿಸಲು ರಿವೆಟ್ (ತೂತು ಕೊರೆದು ಕೂರಿಸುವ ಲೋಹದ ಮೊಳೆ) ಬಿಟ್ಟು ಬೇರೆ ಮಾತೇ ಇರಲಿಲ್ಲ. ಮೂರು ವರ್ಷಗಳಿಂದ ಈಚೆಗೆ ಹೊರಮೈಯ ಶೀಟುಗಳಿಗೆ ಸಿಕಾಫ್ಲೆಕ್ಸ್-252 ಎಂಬ ಅಂಟನ್ನು ಬಳಸುತ್ತಿದ್ದೇವೆ. ಅದು ಹೇಗಿದೆ ಎಂದು ಇದೇ ಕಸುಬಿನ ಹಲವರು ಕೇಳುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಇದು ಸ್ವಿಟ್ಜರ್ಲೆಂಡಿನಲ್ಲಿ 1910ರಲ್ಲಿ ಆರಂಭವಾದ ಸಿಕಾ ಕಂಪನಿಯ ಪಾಲಿಯುರೆಥೇನ್ ಅಂಟು. ಎರಡು ಡಬ್ಬಿಗಳ ಪದಾರ್ಥವನ್ನು ಕಲಸಿ ಹಚ್ಚುವ ಗಟ್ಟಿ ಎಪಾಕ್ಸಿಯಂತಲ್ಲದೆ, ಗಾಳಿಯಲ್ಲಿನ ತೇವಾಂಶವನ್ನು ಹೀರಿಕೊಂಡು ತಾನಾಗಿಯೇ ಗಟ್ಟಿಯಾಗುತ್ತದೆ, ಗಟ್ಟಿಯಾದ ಮೇಲೂ ರಬ್ಬರಿನಂತೆ ಹಿಗ್ಗಿ ಕುಗ್ಗುವ ಗುಣವನ್ನು ಉಳಿಸಿಕೊಳ್ಳುತ್ತದೆ. 600 ಮಿಲಿಲೀಟರಿನ ಸಾಸೇಜ್ ಪ್ಯಾಕಿನಲ್ಲಿ (ಉದ್ದನೆಯ ಮೆತ್ತನೆಯ ಕೊಳವೆಯಂಥ ಚೀಲದಲ್ಲಿ) ಬರುವ ಇದನ್ನು ಗನ್ನಿಗೆ ತುಂಬಿ, ತುದಿಯನ್ನು 'ವಿ' ಆಕಾರದಲ್ಲಿ ಕತ್ತರಿಸಿದ ನಾಜಲ್‌ನಿಂದ ತ್ರಿಕೋನದ ಏರಿನಂತೆ ಎಳೆಯಬೇಕು. ಬುಡದಲ್ಲಿ 10 ಮಿಲಿಮೀಟರ್ ಅಗಲ, 10 ಮಿಲಿಮೀಟರ್ ಎತ್ತರ ಇಟ್ಟುಕೊಂಡರೆ ಒಂದು ಪ್ಯಾಕಿಗೆ ಲೆಕ್ಕದ ಪ್ರಕಾರ 12 ಮೀಟರ್ ಸಿಗುತ್ತದೆ. ಹೊಸಬರ ಕೈಯಲ್ಲಿ ಅಷ್ಟು ಸಿಗುವುದಿಲ್ಲ.

ಹಿಗ್ಗುವ ಅಂಟು ಏಕೆ ಬೇಕು, ಗಟ್ಟಿಯಾಗಿ ಕಚ್ಚಿ ಹಿಡಿಯುವುದೇ ಒಳ್ಳೆಯದಲ್ಲವೇ ಎಂಬ ಅನುಮಾನ ನನಗೂ ಇತ್ತು. 14 ಅಡಿಯ ಬಾಡಿಯ ಪಕ್ಕದ ಶೀಟು ಸುಮಾರು 4.2 ಮೀಟರ್ ಉದ್ದವಿರುತ್ತದೆ. ಮುಂಜಾನೆಯ ತಂಪಿಗಿಂತ ಮಧ್ಯಾಹ್ನದ ಬಿಸಿಲಿನಲ್ಲಿ ಲೋಹ 40 ಡಿಗ್ರಿ ಹೆಚ್ಚು ಕಾದಿತೆಂದರೆ ಆ ಅಲ್ಯೂಮಿನಿಯಂ ಸುಮಾರು 4 ಮಿಲಿಮೀಟರ್ ಬೆಳೆಯುತ್ತದೆ, ಅದರ ಹಿಂದಿನ ಉಕ್ಕು ಅಷ್ಟೇ ಕಾದರೂ ಬೆಳೆಯುವುದು 2 ಮಿಲಿಮೀಟರ್ ಮಾತ್ರ. ಈ ಎರಡು ಮಿಲಿಮೀಟರಿನ ಜಗಳವನ್ನು ಪ್ರತಿದಿನ ಅನುಭವಿಸುವುದು ರಿವೆಟ್. ತೂತು ಸವೆದು ದೊಡ್ಡದಾಗುತ್ತದೆ, ನೀರು ಇಳಿಯುತ್ತದೆ, ಎರಡು ಲೋಹ ತಾಗಿರುವ ಕಡೆ ಅಲ್ಯೂಮಿನಿಯಂ ಬೆಳ್ಳಗೆ ಪುಡಿಯಾಗಿ ತಿನ್ನಿಸಿಕೊಳ್ಳುತ್ತದೆ. ಮಳವಳ್ಳಿ, ಎಚ್.ಡಿ. ಕೋಟೆ ಕಡೆಯ ಒಳರಸ್ತೆಗಳಲ್ಲಿ ನಾಲ್ಕು ವರ್ಷ ಓಡಿದ ಗಾಡಿ ಗಡಗಡ ಎನ್ನುವುದಕ್ಕೆ ಇದೂ ಒಂದು ಕಾರಣ. ಅಂಟಾದರೆ ನಡುವೆ 3 ಮಿಲಿಮೀಟರ್ ದಪ್ಪದ ರಬ್ಬರ್ ಪದರವಾಗಿ ನಿಲ್ಲುತ್ತದೆ, ಶೀಟಿನ ಎರಡು ತುದಿಗಳಲ್ಲಿ ಒಂದೊಂದು ಮಿಲಿಮೀಟರ್ ಓರೆಯಾಗಿ ಬಾಗಿ ಜಗಳವನ್ನು ತಾನು ನುಂಗಿಕೊಳ್ಳುತ್ತದೆ, ಉಕ್ಕು ಮತ್ತು ಅಲ್ಯೂಮಿನಿಯಂ ಒಂದಕ್ಕೊಂದು ತಾಗದಂತೆಯೂ ನೋಡಿಕೊಳ್ಳುತ್ತದೆ. ಆದ್ದರಿಂದ ಕ್ಲಾಂಪ್ ಬಿಗಿದು ಅಂಟನ್ನೆಲ್ಲ ಹಿಂಡಿ ಹಾಕಬಾರದು. ನಾವು 3 ಮಿಲಿಮೀಟರಿನ ರಬ್ಬರ್ ತುಂಡುಗಳನ್ನು ಅಲ್ಲಲ್ಲಿ ಇಟ್ಟು ಅಷ್ಟು ಸಂದನ್ನು ಕಾಯ್ದುಕೊಳ್ಳುತ್ತೇವೆ. ಹೆಚ್ಚು ಒತ್ತಿದಷ್ಟೂ ಭದ್ರ ಎಂಬ ಬಡಗಿ ಕೆಲಸದ ಅಭ್ಯಾಸವನ್ನು ಹುಡುಗರ ಕೈಯಿಂದ ಬಿಡಿಸಲು ನನಗೆ ಆರು ತಿಂಗಳು ಹಿಡಿಯಿತು.

ಇಷ್ಟು ಹೊಗಳಿದ ಮೇಲೆ ನಮ್ಮ ಮೊದಲ ಗಾಡಿಯ ಕಥೆಯನ್ನು ಮುಚ್ಚಿಡುವುದು ನ್ಯಾಯವಲ್ಲ. ಮಂಡ್ಯದ ತರಕಾರಿ ವ್ಯಾಪಾರಿಯೊಬ್ಬರ ಗಾಡಿ ಅದು. "ಏನ್ ಸ್ವಾಮಿ, ಗೋಂದು ಹಾಕಿ ಗಾಡಿ ಕಟ್ತೀರಾ?" ಎಂದು ಅವರು ನಕ್ಕಿದ್ದರು, ನಾನೂ ದೊಡ್ಡ ಮಾತಾಡಿ ಒಪ್ಪಿಸಿದ್ದೆ. ಎಂಟನೆಯ ತಿಂಗಳಲ್ಲಿ ಹಿಂಬದಿಯ ಕೆಳಮೂಲೆಯ ಶೀಟು ಬಾಯಿ ಬಿಟ್ಟಿತು. ಬಿಚ್ಚಿ ನೋಡಿದರೆ ಅಂಟೆಲ್ಲ ಶೀಟಿನ ಮೇಲೆಯೇ ಚೆನ್ನಾಗಿ ಕುಳಿತಿದೆ, ಸತುವಿನ ಕಲಾಯಿ ಮಾಡಿದ ಟ್ಯೂಬಿನ ಮೇಲೆ ಮಾತ್ರ ಅದರ ಗುರುತೂ ಇಲ್ಲ! ಅಂಟು ಹರಿದಿರಲಿಲ್ಲ, ಹಿಡಿದೇ ಇರಲಿಲ್ಲ. ತಪ್ಪು ಪೂರ್ತಿಯಾಗಿ ನಮ್ಮದು. ಮಾಮೂಲಿ ಥಿನ್ನರಿನಲ್ಲಿ ಅದ್ದಿದ, ಅದಾಗಲೇ ಗ್ರೀಸ್ ಒರೆಸಿದ್ದ ಬನಿಯನ್ ವೇಸ್ಟಿನಿಂದ (ಚಿಂದಿ ಬಟ್ಟೆಯಿಂದ) ಟ್ಯೂಬನ್ನು ಉಜ್ಜಿದ್ದೆವು, ಅಂದರೆ ಜಿಡ್ಡನ್ನು ತೆಗೆಯುವ ಬದಲು ಸಮನಾಗಿ ಹರಡಿದ್ದೆವು. ಕಲಾಯಿಗೆ ಹಚ್ಚಬೇಕಿದ್ದ ಪ್ರೈಮರನ್ನು, ಅಂದರೆ ಅಂಟು ಹಿಡಿಯಲೆಂದು ಮೊದಲು ಹಚ್ಚುವ ದ್ರವವನ್ನು, ದುಬಾರಿಯೆಂದು ಬಿಟ್ಟಿದ್ದೆವು. ಉಳಿಸಿದ ಪ್ರೈಮರಿನ ಹಣದ ಎಷ್ಟೋ ಪಟ್ಟು ಆ ಮೂಲೆಯ ರಿಪೇರಿಗೆ ಹೋಯಿತು.

ಅಲ್ಲಿಂದ ಮುಂದೆ ಹೊಸ ಶೀಟು, ಹೊಸ ಬಣ್ಣ, ಹೊಸ ಟ್ಯೂಬು ಯಾವುದೇ ಬರಲಿ, ಅದರ ಒಂದು ತುಂಡಿನ ಮೇಲೆ ಅಂಟಿನ ಗೆರೆ ಎಳೆದು, ಒಂದು ವಾರ ಬಿಟ್ಟು, ತುದಿಯನ್ನು ಬ್ಲೇಡಿನಿಂದ ಬಿಡಿಸಿ ಕೈಯಿಂದ ಹಿಂದಕ್ಕೆ ಎಳೆದು ನೋಡುತ್ತೇವೆ. ರಬ್ಬರ್ ತನ್ನೊಳಗೇ ಹರಿದು ಲೋಹದ ಮೇಲೆ ಕಪ್ಪು ಪದರ ಉಳಿದರೆ ಸರಿ, ಜಿಗಣೆಯಂತೆ ಇಡಿಯಾಗಿ ಕಳಚಿ ಬಂದರೆ ಆ ಮೇಲ್ಮೈಯ ತಯಾರಿ ಸರಿಯಿಲ್ಲ ಎಂದರ್ಥ. ಈ ಪರೀಕ್ಷೆಗೆ ಹೆಚ್ಚೇನೂ ಖರ್ಚಿಲ್ಲ. ಅಂಟು ಮಾರುವ ಅಂಗಡಿಯವರು ಇದನ್ನೇಕೆ ಮೊದಲೇ ಹೇಳಿಕೊಡುವುದಿಲ್ಲವೋ ನನಗೆ ಅರ್ಥವಾಗಿಲ್ಲ. ಅಂಗಡಿಯ ಮಾತು ಬಂದದ್ದರಿಂದ ಇದೂ ಇರಲಿ: ಒಮ್ಮೆ ಒಂದು ಕಡೆ ಅವಧಿ ಮುಗಿದ ಪ್ಯಾಕುಗಳನ್ನು ರಿಯಾಯಿತಿಯ ನೆಪದಲ್ಲಿ ನಮಗೆ ದಾಟಿಸಿದ್ದರು, ಗನ್ನಿನಿಂದ ಅವು ಹೊರಗೆ ಬರಲೇ ಇಲ್ಲ. ಪ್ಯಾಕಿನ ಮೇಲಿನ ತಾರೀಖನ್ನು ನೋಡಿಯೇ ದುಡ್ಡು ಕೊಡಿ.

ಒಣಗುವ ವಿಷಯದಲ್ಲಿ ನಮ್ಮ ಊರಿನ ಹವೆ ಒಂದು ಪಾಠ ಕಲಿಸಿತು. 23 ಡಿಗ್ರಿ ಉಷ್ಣತೆ ಮತ್ತು ಶೇಕಡಾ 50ರ ತೇವಾಂಶದಲ್ಲಿ ಇಂಥ ಅಂಟು ಮೊದಲ 24 ಗಂಟೆಗಳಲ್ಲಿ ಹೊರಗಿನಿಂದ ಒಳಕ್ಕೆ ಸುಮಾರು 3 ಮಿಲಿಮೀಟರ್ ಗಟ್ಟಿಯಾಗುತ್ತದೆ, ಒಳಕ್ಕೆ ಹೋದಂತೆಲ್ಲ ವೇಗ ತಗ್ಗುತ್ತದೆ. ಎರಡು ಲೋಹಗಳ ನಡುವೆ ಒತ್ತಿದ ಅಂಟಿಗೆ ಅಂಚುಗಳಿಂದ ಮಾತ್ರ ತೇವ ಸಿಗುವುದರಿಂದ, ಪೂರ್ತಿ ಬಲ ಬರಲು ಸುಮಾರು ಒಂದು ವಾರ ಕಾಯಬೇಕು. ಮಾರ್ಚ್ ತಿಂಗಳ ಬಿಸಿಲಿನಲ್ಲಿ ಬೇಗ ಒಣಗುತ್ತದೆಂದು ನಾವು ಲೆಕ್ಕ ಹಾಕಿದ್ದರೆ, ಗಾಳಿ ಒಣಗಿದ್ದರಿಂದ ಅದು ಜುಲೈ ತಿಂಗಳಿಗಿಂತ ನಿಧಾನವಾಯಿತು. ಇದಕ್ಕೆ ಬೇಕಾದದ್ದು ಕಾವಿಗಿಂತ ಹೆಚ್ಚಾಗಿ ನೀರಿನ ಪಸೆ ಎಂದು ತಿಳಿದ ಮೇಲೆ, ಬೇಸಿಗೆಯಲ್ಲಿ ಮನೆಯ ಮುಂದೆ ನೀರು ಚಿಮುಕಿಸುವಂತೆ ಶೆಡ್ಡಿನ ನೆಲಕ್ಕೂ ಬೆಳಿಗ್ಗೆ ಸಂಜೆ ನೀರು ಚಿಮುಕಿಸುತ್ತೇವೆ, ಅಂಟಿನ ಮೇಲೆ ಮಾತ್ರ ಹಾಕುವುದಿಲ್ಲ. ಬಾಡಿಯನ್ನು ಅವಸರದಲ್ಲಿ ಬಣ್ಣದ ಬೂತಿಗೆ ತಳ್ಳಿ ಕಾಯಿಸಿದರೆ, ತೇವದೊಡನೆ ವರ್ತಿಸುವಾಗ ಹುಟ್ಟುವ ಇಂಗಾಲದ ಡೈಆಕ್ಸೈಡ್ ಒಳಗೆ ಗುಳ್ಳೆಗಳಾಗಿ ಸಿಕ್ಕಿಕೊಳ್ಳುವ ಅಪಾಯವಿದೆ. ಗೆರೆಯನ್ನು ನುಣುಪು ಮಾಡಲು ಬೆರಳಿಗೆ ಸ್ಪಿರಿಟ್ ಹಚ್ಚಿಕೊಳ್ಳುವವರೂ ಇದ್ದಾರೆ. ಆಲ್ಕೋಹಾಲ್ ತಗುಲಿದರೆ ಹಸಿ ಪಾಲಿಯುರೆಥೇನ್ ಸರಿಯಾಗಿ ಗಟ್ಟಿಯಾಗುವುದಿಲ್ಲ.

ಗೆರೆ ಎಳೆದ ಮೇಲೆ ಅರ್ಧ ಗಂಟೆಯೊಳಗೆ ಶೀಟು ಕೂರಿಸಿಬಿಡಬೇಕು, ಮೇಲೆ ಚರ್ಮ ಕಟ್ಟಿದ ಮೇಲೆ ಅದು ಎದುರಿನ ಮೈಗೆ ಸರಿಯಾಗಿ ಹಿಡಿಯುವುದಿಲ್ಲ. ಕೈಗವಸು ಕಡ್ಡಾಯ. ಹಸಿ ಅಂಟಿನಲ್ಲಿ ಉಸಿರಾಟಕ್ಕೆ ತೊಂದರೆ ಕೊಡುವ ಐಸೊಸಯನೇಟ್ ಎಂಬ ರಾಸಾಯನಿಕ ಇರುವುದರಿಂದ ಉಬ್ಬಸ ಇರುವವರನ್ನು ಈ ಕೆಲಸಕ್ಕೆ ಹಾಕಬಾರದು. ಗಾಜನ್ನು ಕೂಡಿಸುವುದಾದರೆ ಅಂಚಿನಲ್ಲಿ ಕಪ್ಪು ಪಟ್ಟಿ ಇರಲೇಬೇಕು, ಇಲ್ಲದಿದ್ದರೆ ಗಾಜಿನ ಮೂಲಕ ಬೀಳುವ ಬಿಸಿಲು ಅಂಟಿನ ಹಿಡಿತವನ್ನು ಕೆಡಿಸುತ್ತದೆ. ಪಾಲಿಪ್ರೊಪಿಲೀನ್, ಪಾಲಿಎಥಿಲೀನ್ ಪ್ಲಾಸ್ಟಿಕ್ಕುಗಳಿಗೆ ಇದು ಹಿಡಿಯುವುದಿಲ್ಲ, ಪ್ರಯತ್ನ ಮಾಡಿ ಪ್ಯಾಕು ಹಾಳುಮಾಡಬೇಡಿ.

ಬೆಲೆಯನ್ನು ಪ್ಯಾಕಿನ ಲೆಕ್ಕದಲ್ಲಿ ರಿವೆಟ್ಟಿನೊಡನೆ ಹೋಲಿಸಿದರೆ ಅಂಟು ಸೋಲುತ್ತದೆ, ಪ್ರೈಮರ್ ಸೇರಿಸಿದರೆ ಇನ್ನೂ ಸೋಲುತ್ತದೆ. ತೂತು ಕೊರೆಯುವ ಕೂಲಿ, ರಿವೆಟ್ ತಲೆಗಳ ಮೇಲೆ ಪುಟ್ಟಿ ಹಾಕಿ ಉಜ್ಜುವ ಕೂಲಿ, ಮಳೆಗಾಲದಲ್ಲಿ ಸೋರುತ್ತದೆಂದು ಮರಳಿ ಬರುವ ಗಾಡಿಗಳು, ಇವನ್ನು ಕೂಡಿದಾಗ ನಮ್ಮ ಶೆಡ್ಡಿನ ಮಟ್ಟಿಗೆ ಎರಡೂ ಹತ್ತಿರಹತ್ತಿರ ಬರುತ್ತವೆ. ನಿಜವಾದ ಖರ್ಚು ಜಾಗದ್ದು. ರಿವೆಟ್ ಹೊಡೆದ ಗಾಡಿಯನ್ನು ಅದೇ ಸಂಜೆ ಹೊರಗೆ ಓಡಿಸಬಹುದು, ಅಂಟಿನ ಗಾಡಿ ಒಂದು ವಾರ ಶೆಡ್ಡಿನಲ್ಲಿಯೇ ಕೂರುತ್ತದೆ. ಎರಡೇ ಗಾಡಿ ನಿಲ್ಲುವ ಶೆಡ್ಡಿನವರು ಇದನ್ನು ಮೊದಲೇ ಯೋಚಿಸಿಕೊಳ್ಳುವುದು ಒಳಿತು.

ಭಾರ ಹೊರುವ ಜಾಗಗಳಿಗೆ ಮಾತ್ರ ನಾನು ಇದನ್ನು ಒಪ್ಪುವುದಿಲ್ಲ. ಒಂದು ಮೀಟರ್ ಗೆರೆ ಪರೀಕ್ಷೆಯಲ್ಲಿ ಟನ್ನುಗಟ್ಟಲೆ ಎಳೆತವನ್ನು ತಡೆದರೂ, ಹಗಲಿರುಳೂ ತೂಗುವ ಭಾರಕ್ಕೆ ರಬ್ಬರ್ ನಿಧಾನವಾಗಿ ಜಾರುತ್ತಾ ಹೋಗುತ್ತದೆ. ಮೊಬೈಲ್ ಕ್ಯಾಂಟೀನಿನ ಗ್ಯಾಸ್ ಸಿಲಿಂಡರಿನ ಸ್ಟ್ಯಾಂಡು, ಹಿಂಬಾಗಿಲಿನ ಕೀಲು, ಅಡ್ಡತೊಲೆಗಳು, ಇವೆಲ್ಲಕ್ಕೂ ಇಂದಿಗೂ ಬೆಸುಗೆ ಮತ್ತು ಬೋಲ್ಟುಗಳನ್ನೇ ಹಾಕುತ್ತೇವೆ. ಆ ಮಂಡ್ಯದ ವ್ಯಾಪಾರಿಯ ಗಾಡಿಗೆ ಮೂಲೆಯನ್ನು ಪ್ರೈಮರ್ ಹಚ್ಚಿ ಮತ್ತೆ ಕೂಡಿಸಿದೆವು, ಅವರ ಮನಸ್ಸಿನ ಸಮಾಧಾನಕ್ಕೆಂದು ನಾಲ್ಕು ರಿವೆಟ್ಟುಗಳನ್ನೂ ಹೊಡೆದುಕೊಟ್ಟೆವು. ಎರಡು ಮಳೆಗಾಲ ಕಳೆದ ಮೇಲೆ ಮೊನ್ನೆ ಆ ಗಾಡಿ ಸರ್ವಿಸಿಗೆ ಬಂದಿತ್ತು. ಅಂಟು ಹಾಗೆಯೇ ಇದೆ, ನೀರಿನ ಕಲೆ ಕಂಡದ್ದು ಆ ನಾಲ್ಕು ತೂತುಗಳ ಸುತ್ತ.