ನಂದಿ ತಪ್ಪಲಲ್ಲಿ ಸೈಟ್ ನೋಡ್ತಿದ್ದೀರಾ? ಭಾನುವಾರ ಬೇಡ, ಸೋಮವಾರ ಹೋಗಿ

“ಹೆಬ್ಬಾಳಕ್ಕೆ 40 ನಿಮಿಷ, ಏರ್‌ಪೋರ್ಟಿಗೆ 20 ನಿಮಿಷ, ನಂದಿ ಬೆಟ್ಟಕ್ಕೆ 10 ನಿಮಿಷ.” ದೇವನಹಳ್ಳಿ ದಾಟಿದರೆ ಸಾಕು, ರಸ್ತೆಯ ಎರಡೂ ಬದಿ ಇಂಥ ಫಲಕಗಳದ್ದೇ ದರ್ಬಾರು. ಹಾಗೆ ನೋಡಿದರೆ ಇದರಲ್ಲಿ ಸುಳ್ಳಿಲ್ಲ. ಭಾನುವಾರ ಬೆಳಗಿನ ಜಾವ ಹೆಬ್ಬಾಳಕ್ಕೆ 40 ನಿಮಿಷವೇ. ಮಂಗಳವಾರ ಮಧ್ಯಾಹ್ನ ಬೆಟ್ಟಕ್ಕೆ 10 ನಿಮಿಷವೇ. ಆದರೆ ನಾವು ಕೆಲಸಕ್ಕೆ ಹೋಗಬೇಕಾದ್ದು ಮಂಗಳವಾರ, ಬೆಟ್ಟಕ್ಕೆ ಹೋಗಲು ಪುರುಸೊತ್ತು ಸಿಗುವುದು ಭಾನುವಾರ. ಊರೂ ಹತ್ತಿರ, ಬೆಟ್ಟವೂ ಹತ್ತಿರ ಎಂದು ಆ ಕಡೆ ಜಾಗ ಹುಡುಕುತ್ತಿರುವವರು ಅಡ್ವಾನ್ಸ್ ಚೆಕ್ಕಿಗೆ ಸಹಿ ಹಾಕುವ ಮುಂಚೆ ಇದನ್ನೊಮ್ಮೆ ಓದಿ.

ನಮ್ಮ ಕಥೆ ಇಷ್ಟು. ನನ್ನ ಕೆಲಸ ನಾಗವಾರದ ಕಡೆ. ನಮ್ಮ ಮನೆಯವರಿಗೆ ಸೈಕಲ್ ಹುಚ್ಚು. ರಜೆ ಬಂದರೆ ನಸುಕಿನಲ್ಲೇ ಎದ್ದು ನಂದಿ ತಿರುವುಗಳನ್ನು ತುಳಿದು ಹತ್ತಿ, ಇಳಿದು, ತಪ್ಪಲಲ್ಲಿ ಇಡ್ಲಿ ತಿಂದು ಬರುವ ಗುಂಪಿನವರು. ಇಬ್ಬರಿಗೂ ಸರಿಹೋಗುತ್ತದೆ ಎಂದು ತಪ್ಪಲಿನ ಒಂದು ಲೇಔಟಿನಲ್ಲಿ ಮೂವತ್ತು-ನಲವತ್ತರ ಸೈಟಿಗೆ ಅಡ್ವಾನ್ಸ್ ಕೊಟ್ಟೆವು. ರಿಜಿಸ್ಟ್ರೇಷನ್ ಆಗುವವರೆಗೆ ಅಲ್ಲೇ ಇದ್ದು ನೋಡೋಣ ಎಂದು ಪಕ್ಕದ ಹಳ್ಳಿಯಲ್ಲಿ ಬಾಡಿಗೆ ಮನೆ ಹಿಡಿದೆವು. ಕಂಪನಿಯ ಹೆಸರು ಬರೆಯುವುದಿಲ್ಲ. ವ್ಯವಹಾರ ಇನ್ನೂ ಚುಕ್ತಾ ಆಗಿಲ್ಲ. ಹೆಸರು ಹೇಳಿದರೂ ಪ್ರಯೋಜನ ಕಡಿಮೆ, ಇದೇ ಧಾಟಿಯಲ್ಲಿ ವ್ಯಾಪಾರ ಮಾಡುವವರು ಆ ರಸ್ತೆಯಲ್ಲಿ ಬೇಕಾದಷ್ಟಿದ್ದಾರೆ.

ಸೈಟ್ ತೋರಿಸುವ ಪದ್ಧತಿಯನ್ನೇ ಗಮನಿಸಿ. ಭಾನುವಾರ ಬೆಳಿಗ್ಗೆ ಆರೂವರೆಗೆ ಹೆಬ್ಬಾಳದಲ್ಲಿ ಕಂಪನಿಯ ಕಾರು ಹತ್ತಿಸಿಕೊಳ್ಳುತ್ತದೆ. ರಸ್ತೆ ಖಾಲಿ. ಲೇಔಟ್ ತಲುಪುವ ಹೊತ್ತಿಗೆ ಬೆಟ್ಟದ ನೆತ್ತಿ ಮೇಲೆ ಮಂಜು, ಶಾಮಿಯಾನದಡಿ ಬಿಸಿ ಪೊಂಗಲ್, ಮೇಜಿನ ಮೇಲೆ ಬಣ್ಣ ಬಣ್ಣದ ನಕ್ಷೆ. “ಸ್ಪಾಟ್ ಬುಕಿಂಗ್ ಆದ್ರೆ ಚದರಡಿಗೆ ಇಷ್ಟು ಕಡಿಮೆ ಮಾಡಿಸ್ತೀನಿ ಮೇಡಂ, ಇವತ್ತು ಒಂದೇ ದಿನ.” ಆ ಇವತ್ತು ಮುಂದಿನ ಭಾನುವಾರವೂ ಇರುತ್ತದೆ. ನಮ್ಮ ಮನೆಗೆ ಬಂದಿದ್ದ ನೆಂಟರೊಬ್ಬರು ಸುಮ್ಮನೆ ಹೋಗಿ ವಿಚಾರಿಸಿದಾಗ ಅವರಿಗೂ ಅದೇ ದರ, ಅದೇ ಒಂದೇ ದಿನ.

ಇನ್ನು ಸೋಮವಾರ. ಹಳ್ಳಿಯಿಂದ ಹೆದ್ದಾರಿಗೆ ಬಂದು, ಸಾದಹಳ್ಳಿ ಟೋಲ್‌ವರೆಗೆ ಸಲೀಸು. ಆಮೇಲೆ ಏರ್‌ಪೋರ್ಟ್ ಟ್ಯಾಕ್ಸಿ, ಕಂಪನಿ ಕ್ಯಾಬು, ಶಾಲಾ ವ್ಯಾನು, ಹೈದರಾಬಾದ್ ಬಸ್ಸು ಎಲ್ಲ ಒಂದಾಗಿ ಹೆಬ್ಬಾಳ ಮೇಲ್ಸೇತುವೆಯ ಬುಡಕ್ಕೆ ಬಂದು ನಿಲ್ಲುತ್ತವೆ. ಹೋಗುವಾಗ ಎರಡು ತಾಸು, ಬರುವಾಗ ಅದರ ಮೇಲೆ ಇನ್ನಷ್ಟು. ರೈಲು ಇದೆಯಲ್ಲ ಅನ್ನುತ್ತಾರೆ. ಚಿಕ್ಕಬಳ್ಳಾಪುರದ ದಾರಿಯಲ್ಲಿ ನಂದಿ ಹಾಲ್ಟ್ ಎಂಬ ಮುದ್ದಾದ ಹಳೆಯ ನಿಲ್ದಾಣ ಇರುವುದು ನಿಜ, ನಿಲ್ಲುವ ಗಾಡಿಗಳು ಬೆರಳೆಣಿಕೆ. ಆಫೀಸಿನ ಹೊತ್ತಿಗೂ ಅವುಗಳ ಹೊತ್ತಿಗೂ ಹೊಂದುವುದು ಕಷ್ಟ. ಮೆಟ್ರೋ ಬರುತ್ತದೆ ಎಂದು ಬ್ರೋಷರಿನಲ್ಲಿ ಹಾಕಿರುತ್ತಾರೆ. ನೀಲಿ ಮಾರ್ಗದ ಕೊನೆ ವಿಮಾನ ನಿಲ್ದಾಣ, ನಂದಿ ಅಲ್ಲ.

ಹೋಗಲಿ, ಬೆಟ್ಟವಾದರೂ ನಮ್ಮದಾಯಿತೇ? ಶುಕ್ರವಾರ ರಾತ್ರಿಯಿಂದಲೇ ಸೈಲೆನ್ಸರ್ ಕಿತ್ತ ಬೈಕುಗಳ ಮೆರವಣಿಗೆ ಶುರು. ಶನಿವಾರ, ಭಾನುವಾರ ಸೂರ್ಯೋದಯ ನೋಡಲು ಬರುವ ಕಾರುಗಳ ಸಾಲು ಕತ್ತಲಿರುವಾಗಲೇ ಗೇಟಿನಿಂದ ಕೆಳಗಿಳಿದು ಹಳ್ಳಿಯ ರಸ್ತೆಗೆ ಬಂದು ನಿಂತಿರುತ್ತದೆ. ಒಂದು ಭಾನುವಾರ ನಮ್ಮ ಬೀದಿಯ ಹೆಂಗಸಿಗೆ ಹೆರಿಗೆ ನೋವು ಬಂದು, ಕಾರು ಹೊರಗೆ ತೆಗೆಯಲು ಜಾಗವಿಲ್ಲದೆ, ಊರ ಹುಡುಗರು ಮುಂದೆ ಓಡುತ್ತಾ ಒಂದೊಂದೇ ಗಾಡಿಯನ್ನು ಪಕ್ಕಕ್ಕೆ ಸರಿಸಿ ದಾರಿ ಮಾಡಿದರು. ಬೆಟ್ಟದ ತಪ್ಪಲಲ್ಲಿದ್ದೂ ನಮ್ಮ ಮನೆಯವರು ವಾರಾಂತ್ಯಕ್ಕೆ ಸೈಕಲ್ ತೆಗೆದುಕೊಂಡು ಘಾಟಿ ಸುಬ್ರಹ್ಮಣ್ಯದ ಕಡೆ ಹೋಗುತ್ತಿದ್ದರು ಅಂದರೆ ನಂಬಬೇಕು.

ಬೆಟ್ಟ ಯಾವಾಗಲೂ ತೆರೆದಿರುತ್ತದೆ ಎಂಬ ಭರವಸೆಯೂ ಇಲ್ಲ. 2021ರ ಆಗಸ್ಟಿನಲ್ಲಿ ಒಂದು ರಾತ್ರಿಯ ಮಳೆಗೆ ಗುಡ್ಡ ಜರಿದು ರಸ್ತೆ ಕೊಚ್ಚಿಹೋಗಿ, ತಿಂಗಳುಗಟ್ಟಲೆ ಪ್ರವಾಸಿಗರಿಗೆ ಪ್ರವೇಶ ಇರಲಿಲ್ಲ. ಸ್ಕಂದಗಿರಿಗೆ ಬೇಕೆಂದಾಗ ಹೋಗುವಂತಿಲ್ಲ, ಆನ್‌ಲೈನಿನಲ್ಲಿ ಟಿಕೆಟ್ ಮಾಡಿಸಬೇಕು. ಪಕ್ಕದ ಊರಿನವರು ಎಂದು ರಿಯಾಯಿತಿ ಏನಿಲ್ಲ. 2023ರ ಜನವರಿಯಲ್ಲಿ ಆವಲಗುರ್ಕಿ ಬಳಿ ಆದಿಯೋಗಿ ಪ್ರತಿಮೆ ಅನಾವರಣವಾದ ಮೇಲೆ ಚಿಕ್ಕಬಳ್ಳಾಪುರದ ಕಡೆಗೂ ರಜಾದಿನದ ಜಾತ್ರೆ ಹಬ್ಬಿದೆ. ನೋಡಲು ಬರುವವರ ತಪ್ಪೇನೂ ಇಲ್ಲ, ಅವರೂ ನಮ್ಮ ಹಾಗೆ ವಾರವಿಡೀ ದುಡಿದವರೇ. ಅವರಿಗೆ ರಜೆ ಇರುವ ದಿನವೇ ನಮಗೂ ರಜೆ, ತೊಡಕಿರುವುದು ಅಲ್ಲೇ.

ನೀರಿನ ಮಾತು. ಚಿಕ್ಕಬಳ್ಳಾಪುರ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿಯೇ ಇಲ್ಲ. ಬೋರ್‌ವೆಲ್ ಸಾವಿರ ಅಡಿ ದಾಟುವುದು ಮಾಮೂಲು, ಎಷ್ಟೋ ಕಡೆ ಬರುವ ನೀರಿನಲ್ಲಿ ಫ್ಲೋರೈಡ್. ಬ್ರೋಷರಿನಲ್ಲಿ ನಮಗೆ ‘ಲೇಕ್ ವ್ಯೂ’ ಸೈಟಿಗೆ ಹೆಚ್ಚು ದರ ಹೇಳಿದ್ದರು. ಆ ಕೆರೆ ತುಂಬಿರುವುದು ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯಿಂದ. ಬೆಂಗಳೂರಿನ ಚರಂಡಿ ನೀರನ್ನು ಎರಡು ಹಂತ ಶುದ್ಧಿ ಮಾಡಿ ಈ ಜಿಲ್ಲೆಯ ಕೆರೆಗಳಿಗೆ ಪಂಪ್ ಮಾಡುತ್ತಾರೆ, ಮೂರನೇ ಹಂತವೂ ಆಗಬೇಕೆಂದು ಇಲ್ಲಿನ ರೈತರು ಹೋರಾಡುತ್ತಲೇ ಇದ್ದಾರೆ. ಬೆಂಗಳೂರು ಬಿಟ್ಟು ಓಡಿಬಂದವರಿಗೆ ಬೆಂಗಳೂರಿನ ಕೊಳಚೆಯನ್ನೇ ತೋರಿಸಿ ಚದರಡಿಗೆ ಜಾಸ್ತಿ ಕೇಳುವ ಧೈರ್ಯ ಮೆಚ್ಚಬೇಕು. ಬೇಸಿಗೆಯಲ್ಲಿ ನಾವು ಟ್ಯಾಂಕರ್ ನಂಬಿಯೇ ಬದುಕಿದೆವು. ಕುಡಿಯಲು ಪಂಚಾಯಿತಿಯ ಶುದ್ಧ ನೀರಿನ ಘಟಕದಿಂದ ಕ್ಯಾನು ಹೊತ್ತು ತರುವುದು.

ಕಲ್ಲು ಕ್ವಾರಿಗಳು ಎಲ್ಲಿವೆ ಎಂಬುದನ್ನೂ ತಿಳಿದುಕೊಳ್ಳಿ. ಭಾನುವಾರ ಬ್ಲಾಸ್ಟಿಂಗ್ ಇರುವುದಿಲ್ಲ, ಹಾಗಾಗಿ ಸೈಟ್ ನೋಡಲು ಬಂದವರಿಗೆ ಗೊತ್ತಾಗುವುದಿಲ್ಲ. ಉಳಿದ ದಿನ ಮಧ್ಯಾಹ್ನ ಒಂದು ಗುದ್ದು, ಅಡುಗೆಮನೆಯ ಗೂಡಿನಲ್ಲಿ ಸ್ಟೀಲ್ ಲೋಟಗಳೆಲ್ಲ ಗಲಗಲ. ಕ್ರಷರ್ ಕಡೆಯಿಂದ ಗಾಳಿ ಬೀಸಿದರೆ ಒಣಹಾಕಿದ ಬಟ್ಟೆ ಒದರುವಾಗ ರಾಗಿ ಹಿಟ್ಟು ಜರಡಿ ಹಿಡಿದ ಹಾಗೆ ಪುಡಿ ಉದುರುತ್ತದೆ. 2021ರ ಫೆಬ್ರವರಿಯಲ್ಲಿ ಇದೇ ಜಿಲ್ಲೆಯ ಹಿರೇನಾಗವಲ್ಲಿ ಬಳಿ ಜಿಲೆಟಿನ್ ಸಿಡಿದು ಆರು ಜನ ಸತ್ತದ್ದು ನೆನಪಿರಬಹುದು.

ಇದಿಷ್ಟನ್ನೂ ಸಹಿಸಿಕೊಂಡು ಇರುವವರಿದ್ದಾರೆ, ನಾವೂ ಇರುತ್ತಿದ್ದೆವೇನೋ. ಕೈಕೊಟ್ಟದ್ದು ಕಾಗದಪತ್ರ.

ಒಂದು ಸಂಜೆ ಲೇಔಟಿನ ಕೆಳಮೂಲೆಯಲ್ಲಿ ನಮ್ಮ ಸೈಟಿನ ಕಲ್ಲು ನೋಡುತ್ತಾ ನಿಂತಿದ್ದಾಗ, ಕುರಿ ಹೊಡೆದುಕೊಂಡು ಬಂದ ಅಜ್ಜ ಒಬ್ಬರು ಕೇಳಿದರು: “ಇದನ್ನ ತಗೊಂಡಿದ್ದೀರೇನಮ್ಮ?”

“ಹೂಂ ತಾತ, ಅಡ್ವಾನ್ಸ್ ಕೊಟ್ಟಿದ್ದೀವಿ.”

“ಇದು ಕಾಲುವೆ ಕಣಮ್ಮ. ಮಳೆ ಬಂದ್ರೆ ಬೆಟ್ಟದ ನೀರೆಲ್ಲ ಹಿಂಗೇ ಇಳಿದು ಕೆರೆ ಸೇರೋದು. ಜೆಸಿಬಿ ತಂದು ಮಣ್ಣು ತುಂಬ್ಬಿಟ್ರು, ನೀರಿಗೆ ಗೊತ್ತಾಗ್ತದಾ?”

ಅಜ್ಜನ ಮಾತು ಕೇಳಿ ನನ್ನ ಭಾವನಿಗೆ ಫೋನ್ ಮಾಡಿದೆ. ಅವರು ಗ್ರಾಮ ಲೆಕ್ಕಿಗರಾಗಿ ನಿವೃತ್ತರಾದವರು. “ಮೊದಲು ದಿಶಾಂಕ್ ಆ್ಯಪ್ ಹಾಕ್ಕೊಂಡು ಆ ಕಲ್ಲಿನ ಹತ್ರ ನಿಂತ್ಕೋ, ಯಾವ ಸರ್ವೆ ನಂಬರ್ ತೋರಿಸುತ್ತೆ ಹೇಳು” ಅಂದರು. ತೋರಿಸಿದ ನಂಬರು ನಮ್ಮ ಕರಾರಿನಲ್ಲಿದ್ದ ನಂಬರಲ್ಲ, ಪಕ್ಕದ್ದು. ಆ್ಯಪ್‌ನಲ್ಲಿ ಹತ್ತಾರು ಅಡಿ ಆಚೀಚೆ ಆಗುವುದುಂಟು, ಅದನ್ನೇ ಪ್ರಮಾಣ ಅನ್ನಲಾಗದು. ಹಾಗಾಗಿ ಕಂದಾಯ ಇಲಾಖೆಯ ಜಾಲತಾಣದಿಂದ ಗ್ರಾಮ ನಕಾಶೆ ಇಳಿಸಿಕೊಂಡೆವು, ಎಲ್ಲ ಸರ್ವೆ ನಂಬರಿನ ಪಹಣಿ ತೆಗೆಸಿದೆವು. ಭಾನುವಾರ ಶಾಮಿಯಾನದಡಿ ಕಾಣದ್ದೆಲ್ಲ ಅಲ್ಲಿತ್ತು.

ನಕಾಶೆಯಲ್ಲಿ ಹಳ್ಳ ಸ್ಪಷ್ಟವಾಗಿ ನಮ್ಮ ಸೈಟಿನ ಸಾಲಿನ ಮೇಲೇ ಹಾದುಹೋಗಿತ್ತು. ಪಹಣಿಯ 3ನೇ ಕಾಲಂನಲ್ಲಿ ‘ಬಿ’ ಖರಾಬು ನಮೂದಾಗಿತ್ತು. ‘ಎ’ ಖರಾಬು ಎಂದರೆ ಬಂಡೆ, ಕೊರಕಲು, ಕೃಷಿಗೆ ಬಾರದ ಜಾಗ. ‘ಬಿ’ ಖರಾಬು ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಸ್ವತ್ತು. ಅದನ್ನು ಮಾರುವ ಹಕ್ಕು ಯಾವ ಜಮೀನುದಾರನಿಗೂ ಇಲ್ಲ. ಬ್ರೋಷರಿನಲ್ಲಿ ಬರೆದಿದ್ದ 40 ಅಡಿ ರಸ್ತೆ ಲೇಔಟಿನ ಗೇಟಿನವರೆಗೆ ಮಾತ್ರ. ಗೇಟಿನಿಂದ ಡಾಂಬರು ರಸ್ತೆಗೆ ಬರುವ ದಾರಿ ನಕಾಶೆಯಲ್ಲೇ ಇಲ್ಲ. ಅದು ದ್ರಾಕ್ಷಿ ತೋಟದವರೊಬ್ಬರು ಸದ್ಯಕ್ಕೆ ಬಿಟ್ಟುಕೊಟ್ಟಿರುವ ರೂಢಿ ದಾರಿ. ನಾಳೆ ಅವರು ಮುಳ್ಳುತಂತಿ ಎಳೆದರೆ ನಾವು ಹೆಲಿಕಾಪ್ಟರಿನಲ್ಲೇ ಮನೆಗೆ ಇಳಿಯಬೇಕು.

‘ಡಿಸಿ ಕನ್ವರ್ಟೆಡ್ ಲೇಔಟ್’, ಅಂದರೆ ಹೊಲವನ್ನು ಮನೆ ಕಟ್ಟಲು ಬಳಸಬಹುದು ಎಂದು ಜಿಲ್ಲಾಧಿಕಾರಿ ಅನುಮತಿ ಕೊಟ್ಟ ಲೇಔಟ್, ಅನ್ನುವುದೂ ಅರ್ಧ ಮಾತು. ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 95ನೇ ಕಲಮಿನಡಿ ಭೂಪರಿವರ್ತನೆ ಆಗಿದ್ದದ್ದು ಮುಂದಿನ ಎರಡು ಸರ್ವೆ ನಂಬರಿಗೆ. ಹಿಂದಿನವು ಇನ್ನೂ ಹೊಲವೇ. ಕೇಳಿದರೆ “ಪ್ರೋಸೆಸ್‌ನಲ್ಲಿದೆ ಮೇಡಂ”. ಪರಿವರ್ತನೆ ಆದರೂ ಸಾಲದು, ಆ ಭಾಗದ ಯೋಜನಾ ಪ್ರಾಧಿಕಾರ ಲೇಔಟ್ ನಕ್ಷೆಗೆ ಮಂಜೂರಾತಿ ಕೊಟ್ಟಿರಬೇಕು. ಆಮೇಲೆ ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆಯಾದ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11ಎ ಸಿಗಬೇಕು. ನಮಗೆ ತೋರಿಸಿದ್ದು 11ಬಿ, ಅಂದರೆ ಸರಿಯಾದ ಮಂಜೂರಾತಿ ಇಲ್ಲದ ಸ್ವತ್ತಿಗೆ ಕೊಡುವ ನಮೂನೆ. ಆ ಒಂದು ಅಕ್ಷರದ ಮೇಲೆ ಬೆರಳಿಟ್ಟುಕೊಂಡೇ ಮಾರಾಟದ ಹುಡುಗ ಪುಟ ಮಗುಚಿದ್ದ ಎಂದು ನಮ್ಮ ಮನೆಯವರು ಈಗಲೂ ಹೇಳುತ್ತಾರೆ. ಇಷ್ಟೆಲ್ಲ ತಲೆಗೆ ಹತ್ತದವರಿಗೆ ಒಂದು ಸುಲಭದ ದಾರಿ: ರಾಷ್ಟ್ರೀಕೃತ ಬ್ಯಾಂಕಿಗೆ ಹೋಗಿ ಆ ಸೈಟಿಗೆ ಸಾಲ ಕೇಳಿ. “ನಮ್ದೇ ಫೈನಾನ್ಸ್ ಇದೆ, ಬ್ಯಾಂಕ್ ಯಾಕೆ” ಎಂದು ಮಾರುವವರು ಅಂದರೆ ಎದ್ದು ಬನ್ನಿ.

ಮಂಜೂರಾತಿ ಜಮೀನಿನ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಕೊಟ್ಟ ಭೂಮಿಯನ್ನು ಸರ್ಕಾರದ ಅನುಮತಿಯಿಲ್ಲದೆ ಕೊಂಡರೆ 1978ರ ಪಿಟಿಸಿಎಲ್ ಕಾಯ್ದೆಯಡಿ ಕ್ರಯ ಅಸಿಂಧು. 2023ರ ತಿದ್ದುಪಡಿಯ ನಂತರ, ಭೂಮಿ ವಾಪಸ್ ಕೇಳಲು ಕಾಯ್ದೆಯಲ್ಲಿ ಕಾಲಮಿತಿಯೂ ಇಲ್ಲ. ಬಡವರ ಭೂಮಿ ಉಳಿಯಲು ಅದು ಬೇಕಾದ ಕಾಯ್ದೆಯೇ. ಸೈಟ್ ಕೊಳ್ಳುವವರು ಮೂಲ ಮಂಜೂರಾತಿಯಿಂದ ಈವರೆಗಿನ ಮ್ಯುಟೇಷನ್‌ಗಳನ್ನು, ಅಂದರೆ ಹಕ್ಕು ಬದಲಾವಣೆಯ ದಾಖಲೆಗಳನ್ನು, ವಕೀಲರಿಗೆ ತೋರಿಸಲೇಬೇಕು. ಅದೂ ಕಂಪನಿ ಕೊಟ್ಟ ವಕೀಲರಿಗಲ್ಲ.

ಈಗ ಇನ್ನೊಂದು ಹೊಸ ವರಸೆ ‘ಮ್ಯಾನೇಜ್ಡ್ ಫಾರ್ಮ್’. ಕೃಷಿಕರಲ್ಲದವರು, ಹೊರಗಿನ ಆದಾಯ ಮಿತಿ ಮೀರಿದವರು ಹೊಲ ಕೊಳ್ಳಬಾರದು ಎಂಬ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು 2020ರಲ್ಲಿ ತೆಗೆದ ಮೇಲೆ ಇದು ಜೋರಾಯಿತು. ಕೆಲವು ಗುಂಟೆ, ನಾಲ್ಕು ಮಾವಿನ ಗಿಡ, ಒಂದು ಕ್ಲಬ್ ಹೌಸ್. ಕೊಳ್ಳಲು ಅಡ್ಡಿಯಿಲ್ಲ, ಆದರೆ ಬೆಟ್ಟದ ಬುಡದಲ್ಲಿ ಬಂಗಲೆ ಕಟ್ಟಿಕೊಂಡು ಇರೋಣ ಎಂದುಕೊಂಡಿದ್ದರೆ ಅದು ಹೊಲ ಎಂಬುದು ಮರೆಯಬೇಡಿ. ಕ್ರಯಪತ್ರದಲ್ಲಿ ನಿಮ್ಮ ತುಂಡಿಗೆ ಪ್ರತ್ಯೇಕ 11ಇ ನಕ್ಷೆ (ಆ ತುಂಡನ್ನು ಅಳೆದು ಗುರುತಿಸಿದ ಸರ್ವೆ ನಕ್ಷೆ) ಇದೆಯೋ ಅಥವಾ ಹತ್ತು ಜನರೊಂದಿಗೆ ಅವಿಭಜಿತ ಪಾಲೋ ಎಂದು ನೋಡಿ.

ಅಡ್ವಾನ್ಸ್ ವಾಪಸ್ ಕೇಳಿದಾಗ ನಮಗೆ ರಸೀದಿಯ ಹಿಂಬದಿ ತೋರಿಸಿದರು. ಇರುವೆ ಸಾಲಿನಂಥ ಅಕ್ಷರದಲ್ಲಿ ‘ನಾನ್ ರಿಫಂಡೆಬಲ್’. ಮೊದಮೊದಲು ಫೋನ್ ಎತ್ತುತ್ತಿದ್ದ ಹುಡುಗ ಕಂಪನಿ ಬಿಟ್ಟಿದ್ದಾನೆ ಅಂದರು, ಅವನ ಬದಲಿಗೆ ಬಂದವರಿಗೆ ನಮ್ಮ ಫೈಲೇ ಗೊತ್ತಿಲ್ಲ. ಆಮೇಲೆ ವಕೀಲರ ನೋಟಿಸ್ ಹೋಯಿತು. ಅದರಲ್ಲಿ ಕೆಲಸ ಮಾಡಿದ್ದು ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ. 2016ರ ಆ ಕಾಯ್ದೆಯ ಪ್ರಕಾರ 500 ಚದರ ಮೀಟರ್ ಮೀರಿದ ಮತ್ತು ಎಂಟಕ್ಕಿಂತ ಹೆಚ್ಚು ಘಟಕಗಳಿರುವ ಯೋಜನೆಯನ್ನು, ಅದು ಸೈಟುಗಳ ಲೇಔಟ್ ಆದರೂ, ನೋಂದಾಯಿಸದೆ ಜಾಹೀರಾತು ಕೊಡುವಂತಿಲ್ಲ, ಬುಕಿಂಗ್ ತೆಗೆದುಕೊಳ್ಳುವಂತಿಲ್ಲ. ಅಂದಮೇಲೆ ‘ಪ್ರೀ-ಲಾಂಚ್ ಆಫರ್’ ಅನ್ನುವುದೇ ಕಾನೂನಿಗೆ ವಿರುದ್ಧ. 13ನೇ ಕಲಮಿನ ಪ್ರಕಾರ, ಕ್ರಯದ ಕರಾರು ನೋಂದಣಿ ಆಗುವ ಮುಂಚೆ ಬೆಲೆಯ ಶೇಕಡಾ 10ಕ್ಕಿಂತ ಹೆಚ್ಚು ಪಡೆಯುವಂತಿಲ್ಲ. ನಮ್ಮಿಂದ ಕಾಲು ಭಾಗ ವಸೂಲಿ ಮಾಡಿದ್ದರು. ನೋಟಿಸಿನಲ್ಲಿ ಇವೆರಡನ್ನೂ ಬರೆದ ಮೇಲೆ ಹಣ ಕಂತಿನಲ್ಲಿ ಬರತೊಡಗಿತು. ಪೂರ್ತಿ ಇನ್ನೂ ಬಂದಿಲ್ಲ.

ಈಗಾಗಲೇ ಹಣ ಕೊಟ್ಟು ಕೂತವರು ಇಷ್ಟು ಮಾಡಿ. ಫೋನಿನಲ್ಲಿ ಜಗಳಕ್ಕೆ ನಿಲ್ಲಬೇಡಿ, ಎಲ್ಲವನ್ನೂ ಇಮೇಲಿನಲ್ಲೇ ಕೇಳಿ. ಮಾರಾಟದವರು ಕಳಿಸಿದ ವಾಟ್ಸಾಪ್ ಸಂದೇಶ, ಬ್ರೋಷರು, ಜಾಹೀರಾತು ಫಲಕದ ಫೋಟೋ ಯಾವುದನ್ನೂ ಅಳಿಸಬೇಡಿ. ಕರ್ನಾಟಕ ರೇರಾ ಜಾಲತಾಣದಲ್ಲಿ ಯೋಜನೆಯ ಹೆಸರು ಹಾಕಿ, ಅಲ್ಲಿರುವ ಸರ್ವೆ ನಂಬರುಗಳನ್ನು ನಿಮ್ಮ ಕರಾರಿನ ನಂಬರುಗಳ ಜೊತೆ ಸಾಲುಸಾಲಾಗಿ ತಾಳೆ ನೋಡಿ. ಮೊದಲ ಹಂತಕ್ಕೆ ಮಾಡಿಸಿದ ನೋಂದಣಿ ಸಂಖ್ಯೆಯನ್ನೇ ಮೂರನೇ ಹಂತದ ಫಲಕದ ಮೇಲೂ ಬರೆಸುವವರಿದ್ದಾರೆ. ದೂರನ್ನು ಅದೇ ಜಾಲತಾಣದಲ್ಲಿ ಸಲ್ಲಿಸಬಹುದು. “ಬಾಕಿಗೆ ಬೇರೆ ಲೇಔಟಿನಲ್ಲಿ ಸೈಟ್ ಕೊಡ್ತೀವಿ, ಅದೂ ಬೆಟ್ಟದ ಹತ್ರಾನೇ” ಎಂಬ ಕರೆ ನಮಗೆ ಹೋದ ವಾರವೂ ಬಂದಿತ್ತು. ನಿಮಗೂ ಬರುತ್ತದೆ, ಒಪ್ಪಬೇಡಿ. ಹಣವೇ ಬೇಕು ಎಂದು ಬರೆದು ಕಳಿಸಿ.